ಎಂಟು ಮೂಲಿ ಕನ್ನಡಿ

ಭಾಗ್ಯನಗರದ ಸಾವಕಾರ
ಕೂದಲ ಮಾರಾಕ ಚೀನಾಕ ಹೋಗಿ
ಎಂಟು ಮೂಲಿ ಕನ್ನಡಿ ತಂದಾನ.
ತಲಬಾಗಿಲ ಮ್ಯಾಲೆ, ಒಣಗಿದ ತೋರಣದ ನಡುವ
ಮೊಳೆ ಹೊಡಿಸಿ ಅಂದ:
"ಕೆಟ್ಟದ್ದು ಬಂದ್ರ ತನ್ನ ಮಾರಿ ತಾನ ನೋಡಿ
ತಿರುಗಿ ಹೋಗ್ತೈತಿ."

ಮರುದಿನ ಮುಂಜಾನೆ
ಮೊದಲು ಬಂದಾಕಿ ನಾನ.
ಕನ್ನಡಿ ನೋಡಿತು. ನಾನೂ ನೋಡಿದೆ.
ತಿರುಗಿ ಹೋಗಲಿಲ್ಲ; ಪಗಾರದ ದಿನ.

ಒಳಗ ಯಾರ್ಯಾರದೋ ಹರಕಿ ಮುಡಿ,
ಬಾಚಣಿಗಿಯ ಸಿಕ್ಕು.
ಹತ್ತು ಇಂಚು ಇತ್ತ, ಆರು ಇಂಚು ಅತ್ತ,
ಬಿಳೇದು ಬ್ಯಾರೆ ಚೀಲಕ್ಕ.

ಸಂಜಿಗೆ, ಯಾರೂ ಇಲ್ಲಂತ ನೋಡಿ,
ಕಟ್ಟಿ ಮ್ಯಾಲೆ ತುದಿಗಾಲಲೆ ನಿಂತು
ಬೈತಲಿ ತಿದ್ದಿಕೊಂಡೆ.
ಹುಬ್ಬಿಗೆ ಅಂಟಿತ್ತು
ಯಾವ ಊರಿನಾಕಿದೋ ಒಂದು ಎಳಿ.
ಹದಿನಾಲ್ಕು ಇಂಚರ ಇದ್ದೀತು.

ತಿರುಗಿ ಒಳಗ ಹೋಗಿ
ಚೀಲಕ್ಕ ಹಾಕಿ ಬಂದೆ.