ಮೂರು ಮಿಸ್ ಕಾಲ್

ಎತ್ತಬಾರದು. ಅದೇ ಕರಾರು.
ಎತ್ತಿದರೆ ದುಡ್ಡು ಹೋಗುತ್ತದೆ, ಮಾತು ಬೆಳೆಯುತ್ತದೆ,
ಮಾತು ಮುಗಿಯಲಿ ಅಂತ ಇಳಿತ ಕಾಯುವುದಿಲ್ಲ.

ಒಂದು ಸಲ ಬಡಿದು ನಿಂತರೆ
ಹೊಳೆ ಇಳಿದಿದೆ, ಮರಳದಿಬ್ಬ ಬೆನ್ನು ತೋರಿಸಿದೆ,
ಬುಟ್ಟಿ ಹಿಡಿದು ಬನ್ನಿ.
ಎರಡಾದರೆ
ವ್ಯಾಪಾರಿಯ ಗಾಡಿ ದಿವಗಿ ಸೇತುವೆ ದಾಟಿತು.
ಮೂರಾದರೆ
ಕೊಡಬೇಡಿ,
ಮಡಗಾಂವದಲ್ಲಿ ಬಳಚಿಗೆ ಇವತ್ತು ಬೇರೆಯೇ ದರ.

ದರ ಕಳಿಸುವವಳು ಹೊನ್ನಿಯ ನಾದಿನಿ.
ಅಲ್ಲಿ ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುತ್ತ ಕೂತವಳು
ಸೆರಗಿಗೆ ಕೈಯೊರೆಸಿ ಹಸಿರು ಗುಂಡಿ ಒತ್ತುತ್ತಾಳೆ.
ತದಡಿಯಲ್ಲಿ ಬಡಿದದ್ದು ಮಾಸೂರಿನಲ್ಲಿ ಬಡಿಯುತ್ತದೆ,
ಜಂತ್ರಡಿ ಪಕ್ಕದ ಗಜನಿಕಟ್ಟೆ ಹತ್ತಿದರೆ ಮಾತ್ರ,
ಕೆಳಗೆ ನೆಟ್‌ವರ್ಕ್ ಇಲ್ಲ.
ಫೋನೇ ಇಲ್ಲದ ಆಚೆ ದಡಕ್ಕೆ
ಗಣಪಿಯ ಗಂಟಲಿದೆ.

ನನ್ನ ಅವ್ವಿಗೆ ಹೊಳೆ ಗೊತ್ತಿತ್ತು.
ಕೆಸರಿನೊಳಗೆ ಕಾಲ್ಬೆರಳಲ್ಲೇ ಬಳಚು ಕಾಣುತ್ತಿದ್ದಳು.
ದಡ ಹತ್ತಿದ ಮೇಲೆ ಅದಕ್ಕೇನು ಬೆಲೆ
ಯಾರೂ ಹೇಳಲಿಲ್ಲ ಅವಳಿಗೆ,
ಅಳೆಯುವ ಬುಟ್ಟಿಯೂ ಅವನದೇ.

ಮೊದಲ ಮೂರು ಬಡಿದ ದಿನ
ಹನ್ನೊಂದು ಜನ ನಮ್ಮ ನಮ್ಮ ಬುಟ್ಟಿ ತಬ್ಬಿ ಕೂತೆವು.
ವ್ಯಾಪಾರಿ ನಕ್ಕ, ಬೀಡಿ ಹಚ್ಚಿದ,
ಇನ್ನೊಂದು ಹಚ್ಚಿದ.
ಭರತಿ ಮೊಣಕಾಲಿಗೆ ಬಂತು.
ಬಳಚು ಬಾಯಿ ಬಿಡಲಿಲ್ಲ, ನಾವೂ ಬಿಡಲಿಲ್ಲ.
ಕಿಲೋಗೆ ಎರಡು ರೂಪಾಯಿ ಏರಿಸಿದ.
ಎರಡು ರೂಪಾಯಿ. ನಗಬೇಡಿ.
ನನ್ನ ಮಗಳ ಬಸ್ ಪಾಸು ಅದು.

ಆಮೇಲೆ ಆ ಶ್ರಾವಣದ ರಾತ್ರಿ.
ಮಂಕಾಳಿಯ ನಂಬರು,
ಒಂದು, ಎರಡು, ಮೂರು. ಇಷ್ಟೊತ್ತಿಗೆ ಯಾವ ದರ?
ನಾಲ್ಕು. ಐದು.
ನಮ್ಮ ಕರಾರಿನಲ್ಲಿ ಇಲ್ಲದ ಲೆಕ್ಕ.
ಕೊಡೆ ಮರೆತು ಓಡಿದೆವು.

ಅವಳು ಅಂಗಳದ ಕೆಸರಲ್ಲಿ,
ಅವನ ಕೈಯಲ್ಲಿ ದೋಣಿಯ ಹುಟ್ಟು.
ಯಾರೂ ಬೈಯಲಿಲ್ಲ, ಅಳಲೂ ಇಲ್ಲ,
ಹತ್ತು ಬ್ಯಾಟರಿ ಅವನ ಮುಖದ ಮೇಲೆ ಬಿಟ್ಟು
ನಿಂತೇ ಇದ್ದೆವು ಮಳೆಯಲ್ಲಿ.
ಬಹಳ ಹೊತ್ತಿನ ಮೇಲೆ
ಹುಟ್ಟು ಗೋಡೆಗೆ ಒರಗಿಸಿದ.

ಮರುದಿನದ ಇಳಿತಕ್ಕೆ ಮಂಕಾಳಿಯೂ ಬಂದಳು,
ಬಾತ ಕಣ್ಣು, ಅದೇ ಹಳೇ ಬುಟ್ಟಿ.
ಸೊಂಟಮಟ್ಟ ನೀರಲ್ಲಿ ನಿಂತು ಕೇಳಿದಳು,
"ನಾಲ್ಕಕ್ಕೆ ಏನಂತ ಇಡುವನೇ?"

ಗಣಪಿ ತಲೆ ಎತ್ತಲಿಲ್ಲ,
ಬೊಗಸೆಯ ಕೆಸರು ಜಾಲಿಸುತ್ತಲೇ ಅಂದಳು:
"ನಾಲ್ಕಾದರೆ ಎತ್ತುದು.
ದುಡ್ಡು ಹೋದ್ರೆ ಹೋಗ್ಲಿ ಮಾರಾಯ್ತಿ."