ಬಾಗಿಲ ತೆರೆದ ಕಾರಣ

ನಲವತ್ತೇಳನೇ ಕಂಬದ ಬುಡಕ ನನ್ನ ಪಾಳಿ.
ಮಾಡಗ್ಯಾಳದ ಮಡ್ಡಿ ಮ್ಯಾಲ
ಮೂರು ರೆಕ್ಕಿ ತಿರುಗತಾವ ಹಗಲೂ ರಾತ್ರಿ,
ಕೆಳಗ ನಾ ಒಬ್ಬ, ಒಂದ ಬ್ಯಾಟರಿ, ಒಂದ ಬಡಗಿ.

ಗಾಳಿ ಎಷ್ಟದ ಅಂತ ಮೊದಲ
ಕುರಿ ಯಾ ಕಡಿ ಬೆನ್ನ ಮಾಡಿ ನಿಂತಾವ ನೋಡಿ ಹೇಳತಿದ್ದಿವಿ.
ಈಗ ಕಂಬದ ನೆತ್ತಿ ಮ್ಯಾಲ ಮೂರು ಬಟ್ಟಲ ಗರಗರ ಅಂತಾವ.
ಅವು ಪುಣೆದಾಗಿನ ತಂಪು ಖೋಲಿಗಿ ಹೇಳತಾವ,
ಖೋಲಿ ಚೆನ್ನೈಗಿ ಹೇಳತದ,
ಚೆನ್ನೈ ಸಮುದ್ರದಾಚಿ ಯಾವ್ದೋ ಹಿಮದ ಊರಿಗಿ.
ನನ್ನ ರುಮಾಲ ಹಾರೂಕಿಂತ ಮೊದಲ
ಅದು ಹಾರತದಂತ ಅವರಿಗಿ ಗೊತ್ತು.

ಗೇರ್‌ಬಾಕ್ಸಿಗಿ ಜ್ವರ ಬಂದರ ಗೊತ್ತು,
ಎಣ್ಣಿ ತೆಳ್ಳಗಾದರ ಗೊತ್ತು,
ರೆಕ್ಕಿ ಕೂದಲೆಳಿಯಷ್ಟು ನಡುಗಿದರ
ಮುಂದಿನ ಅಮಾಸಿಗಿ ಏನು ಮುರೀತದ ಅನ್ನೂದೂ ಗೊತ್ತು.
ನನ್ನ ಸೊಂಟ ಹಿಡದದ್ದು ಮಾತ್ರ
ನಾನೇ ಫೋನ್ ಹಚ್ಚಿ ಹೇಳಬೇಕು.

ನಮ್ಮ ಮನ್ಯಾಗ ಒಬ್ಬೊಬ್ಬರಿಗಿ ಒಂದೊಂದು ಚಾಡಿಕೋರ.
ಹೆಂಡತಿ ಮಾಯವ್ವ ದ್ರಾಕ್ಷಿ ಗೋದಾಮಿನಾಗ;
ಬಾಗಿಲದಾಗ ನಿಂತು ಎರಡು ಮಾತು ಹೆಚ್ಚಿಗಿ ಆಡಿದರ
ಕೆಂಪು ದೀಪ ಹತ್ತತದ,
ಮುಂಬೈದಾಗ ಯಾವನೋ ಗಂಟಲ ಸರಿಮಾಡಕೋತಾನ.
ಅಕಿ ತಮ್ಮ ಸಿದರಾಯ ಹಾಲಿನ ಟ್ಯಾಂಕರ್ ಹೊಡೀತಾನ;
ಉಮದಿ ದಾಟಿ ಬೇವಿನ ನೆರಳಿಗಿ ಗಾಡಿ ಬಂದ್ ಮಾಡಿ
ಇಪ್ಪತ್ತು ನಿಮಿಷ ಕಣ್ಣ ಮುಚ್ಚಿದರ
ಹಾಲು ತಾನೇ ಹೋಗಿ ದೂರು ಕೊಡತದ.

ಸಂಜಿಕ ರೊಟ್ಟಿ ಬಡಿಯೂ ಹೊತ್ತಿಗಿ ಅವ್ವ ಕೇಳತಾಳ,
"ಇವತ್ತ ಯಾರದು ಏನು ನುಡೀತು?"
ಹಲ್ಲಿ ನುಡಿದದ್ದು ಕೇಳತಿದ್ದಳಲ್ಲ, ಹಂಗ.
"ನನಗೊಂದೂ ಹಚ್ಚಿಲ್ಲ ನೋಡ್ರಿ" ಅಂತ ಮತ್ತ ಸಿಟ್ಟು ಬ್ಯಾರೆ.

ಅವತ್ತ ರಾತ್ರಿ, ಯುಗಾದಿ ಆಗಿ ನಾಕು ದಿನಕ್ಕ,
ಆಣಿಕಲ್ಲ ಬಿತ್ತು.
ಕಬ್ಬಿಣದ ಕಂಬ ತಮಟಿ ಆತು.
ಮ್ಯಾಲ ರೆಕ್ಕಿ ತಾವೇ ಮೈ ತಿರುವಿಕೊಂಡು ನಿಂತವು,
ಯಾರೂ ಅವಕ್ಕ ಕಾರಣ ಕೇಳಲಿಲ್ಲ.
ನನ್ನ ಗಿಣಿಮೂಗಿನ ಕುರಿ, ದಿನ ತುಂಬಿದ್ದು,
ತಂತಿ ಬೇಲಿಗಿ ಆನಿಕೊಂಡು ನಡುಗಲಿಕ್ಕತ್ತಿತ್ತು.
ಬಾಗಿಲ ತೆರದೆ.

ಒಳಗ ಹಸರು ದೀಪ ಮಿಣಿ ಮಿಣಿ,
ಕೈಯಷ್ಟು ದಪ್ಪನ ವಾಯರು,
ಅಪಾಯ ಅಂತ ಬರದ ತಲಿಬುರುಡಿ.
ಅದರ ಬುಡಕ ಗೋಣಿತಟ್ಟ ಹಾಸಿದೆ.
ಮರಿ ಕಾಲು ಮಡಚಿ ಅಡ್ಡಾಗಿತ್ತು.
ಕೈ ಒಳಗಿಟ್ಟು ಹುಡುಕಲಿಕ್ಕತ್ತಾಗ
ಕಿಸೆದಾಗ ಫೋನು ಬಡಕೊಂಡಿತು.

ಪುಣೆದ ಮೃಣ್ಮಯಿ ಮೇಡಂ.
"ದಾದಾ, ನಲವತ್ತೇಳರ ಬಾಗಿಲ ತೆರೆದದ,
ಒಳಗ ಹಸಿ ಏರಲಿಕ್ಕತ್ತದ, ಅರ್ಧ ಡಿಗ್ರಿ ಕಾವೂ ಹೆಚ್ಚಾಗ್ಯದ.
ಆತ ಕೋಣ್ ಆಹೇ?"
"ಇಬ್ಬರೀವಿ ಬಾಯಿ" ಅಂದೆ.
ಆಮ್ಯಾಲ, "ತಡೀರಿ."
ಆಮ್ಯಾಲ, "ಮೂವರು."

ಅಕಿ ಬಾಳ ಹೊತ್ತು ಮಾತಾಡಲಿಲ್ಲ.
ಆ ಕಡಿ ಪಂಖಾದ ಸಪ್ಪಳ, ಕೀಲಿಮಣಿ ಒತ್ತೂ ಸಪ್ಪಳ.
ಕಾರಣ ತುಂಬದಿದ್ದರ ಪರದಿ ಮುಂದ ಹೋಗೂದಿಲ್ಲಂತ.
ನಾಕೇ ಅದಾವಂತ ಕಾರಣ:
ದುರಸ್ತಿ, ತಪಾಸಣಿ, ಕಳವು, ಬೆಂಕಿ.
"ಯಾವುದು ಹಾಕಲಿ ದಾದಾ?"

ಕಾಲು ನೆಟ್ಟಗ ಮಾಡಿದ ಕೈ ಇನ್ನೂ ಬೆಚ್ಚಗಿತ್ತು.
ದುರಸ್ತಿ, ಅಂದೆ.
ಸುಳ್ಳಲ್ಲ.

ಅರ್ಧ ದಿನದ ಪಗಾರ ಕಡದರು, ಅದು ಬ್ಯಾರೆ ಮಾತು.
ತಿಂಗಳ ಕಡಿಗಿ ಮೇಡಂ ಒಂದ ಚಿತ್ರ ಕಳಿಸಿದಳು,
ಬಿಳಿ ಪರದಿ ಮ್ಯಾಲ ನೀಲಿ ಗೆರಿ,
ಮಡ್ಡಿ ಹಂಗ ಸಪಾಟ,
ನಡುವ ಒಂದ ಕಡಿ ಸಣ್ಣ ಉಬ್ಬು.
ಅವ್ವ ಉಬ್ಬಿನ ಮ್ಯಾಲ ಬೆರಳಿಟ್ಟಳು.
"ಇಷ್ಟs ಏನು?"
"ಅರ್ಧ ಡಿಗ್ರಿ" ಅಂದೆ.
ಹೊರಗ ಮರಿ ತಂತಿ ಬೇಲಿ ನೆಕ್ಕಲಿಕ್ಕತ್ತಿತ್ತು.