ಒಂದೇ ಗಂಟಲು

ಕುತಾಯಿಸಿಯಲ್ಲಿ, ರಿಯೋನಿ ನದಿಯ ಈಚೆ ದಡದಲ್ಲಿ
ಗುರುವಾರಕ್ಕೊಂದು ಹಳೆಯ ಚಿತ್ರ ಹಾಕುತ್ತೇನೆ.
ಟಿಕೆಟ್ಟು ಎರಡು ಲರಿ.
ಇಲ್ಲ ಅಂದವರಿಂದ ಅಕ್ರೋಟು ತಗೊಂಡದ್ದೂ ಉಂಟು.
ಬರುವವರು ಹನ್ನೊಂದು ಜನ, ಹೀಟರ್ ಕೆಟ್ಟ ದಿನ ಒಂಬತ್ತು.
ಕೋಟು ಬಿಚ್ಚುವುದಿಲ್ಲ ಯಾರೂ,
ಅಭಿಪ್ರಾಯ ಮಾತ್ರ
ಪರದೆ ಬೆಳಗುವ ಮೊದಲೇ ಬಿಚ್ಚಿ ಹರವುತ್ತಾರೆ.

ಕುದುರೆ ಸವಾರರ ಚಿತ್ರಕ್ಕೆ
ಬೇಕರಿಯ ಝುಝುನಾ ಅಂದಳು:
‘ಮೂರು ದಿನದ ಮರುಭೂಮಿ, ಇಪ್ಪತ್ತು ಗಂಡಸರು,
ಒಬ್ಬನಾದರೂ ರೊಟ್ಟಿ ಮುರಿದನೇ?
ಬರೀ ಗುಂಡು ತಿಂದು ಸತ್ತರು, ಮುಟ್ಠಾಳರು.’

ದೆವ್ವದ ಚಿತ್ರದಲ್ಲಿ ರಾತ್ರಿ ಪಾಳಿಯ ನರ್ಸ್ ಮ್ಝಿಯಾ
ಗೊರಕೆ ಹೊಡೆದಳು. ಎಬ್ಬಿಸಿದರೆ,
‘ಒಳ್ಳೆ ದೆವ್ವ ಕಣಪ್ಪ, ಬಾಗಿಲು ತಟ್ಟಿ ಬರುತ್ತೆ.
ನಮ್ಮ ದೊಡ್ಡ ಡಾಕ್ಟರಿಗೆ ಅಷ್ಟೂ ಗೊತ್ತಿಲ್ಲ.’

ಹಾಡು ಕುಣಿತದ್ದಕ್ಕೆ ಮಿನಿಬಸ್ಸಿನ ವಾಝಾ
ಎರಡು ಗಂಟೆ ಬಿಡದೆ ಅತ್ತ.
ಅಳುವಂಥದ್ದು ಅದರಲ್ಲಿ ಏನೂ ಇಲ್ಲ,
ನಲವತ್ತು ಸಲ ಓಡಿಸಿದವನು ನಾನು, ನನಗೆ ಗೊತ್ತು.
ಹೊರಗೆ ಬಂದು ಸಿಗರೇಟು ಹಚ್ಚಿ
‘ಸಾಧಾರಣ’ ಅಂದ.

ನನ್ನನ್ನು ಕೇಳಬೇಡಿ. ನಾನು ಚಿತ್ರ ನೋಡುವುದಿಲ್ಲ,
ರೀಲು ಮುಗಿಯುವ ಹೊತ್ತಿಗೆ ಬಲಮೂಲೆಯಲ್ಲಿ
ಮಿಣುಕುವ ಚುಕ್ಕೆಯನ್ನು ನೋಡುತ್ತೇನೆ.
ಎಷ್ಟು ಮುತ್ತುಗಳು ಆ ಚುಕ್ಕೆಯ ಪಾಲಾದವೋ.

ನಾಲ್ಕನೇ ಸಾಲು, ಕಂಬದ ಪಕ್ಕ, ಅಂಬ್ರೋಸಿ.
ಅವನದು ಯಾವ ಚಿತ್ರಕ್ಕೂ ಯಾವ ಅಭಿಪ್ರಾಯವೂ ಇಲ್ಲ.
ಕೇಳಿದರೆ ಭುಜ ಎತ್ತುತ್ತಾನೆ, ಇಳಿಸುತ್ತಾನೆ,
ಅದೂ ನಿಧಾನಕ್ಕೆ.

ಪರದೇಶದ ಚಿತ್ರಗಳಿಗೆ ಆಗ ಒಂದೇ ದನಿ.
ನಾಯಕಿ, ಕೊಲೆಗಾರ, ಪಾದ್ರಿ, ಮಗು
ಎಲ್ಲರ ಮಾತೂ ಒಬ್ಬನೇ ಗಂಡಸಿನ ಗಂಟಲಲ್ಲಿ,
ಏರಿಲ್ಲ, ಇಳಿವಿಲ್ಲ, ದಿನಸಿ ಪಟ್ಟಿ ಓದಿದ ಹಾಗೆ.
ಆ ಟೇಪು ಬೇರೆ, ರೀಲು ಬೇರೆ.
ಒಂದು ಮುಂದೋಡದಂತೆ ಒಂದು ಹಿಂದುಳಿಯದಂತೆ
ಜೋಡೆತ್ತು ಹೂಡಿದ ಬಂಡಿ ನನ್ನದು.

ಈ ಗುರುವಾರ ಕೊಲೆಯ ಚಿತ್ರ.
ಮೂರನೇ ರೀಲಿನಲ್ಲಿ ಟೇಪು ಕಡಿಯಿತು.
ಪರದೆಯ ಮೇಲೆ ಹೆಂಗಸು ಬಾಯಿ ತೆರೆದಳು,
ಅವಳ ಭಾಷೆ ನಮಗೆ ಬಾರದು.
ವಾಝಾ ಸೀಟಿ ಹೊಡೆಯಲು ಎರಡು ಬೆರಳು ಬಾಯಿಗಿಟ್ಟಿದ್ದ.

‘ತಡಮಾಡಿದೆ. ಕಾಫಿ ಆರಿದೆ.’
ಕಂಬದ ಪಕ್ಕದಿಂದ.
‘ದಾರಿಯಲ್ಲಿ ಹಿಮ,’ ಅಂದ ಕೊಲೆಗಾರ,
ಅದೇ ಕಂಬ, ಅದೇ ದನಿ.
ಆಮೇಲೆ ಪೊಲೀಸರು, ಆಮೇಲೆ ಮನೆ ಒಡತಿ,
ಆಮೇಲೆ ಪಂಜರದ ಗಿಣಿ.
ವಯಸ್ಸಾಗಿದೆ ದನಿಗೆ, ನಡುನಡುವೆ ಕೆಮ್ಮುತ್ತದೆ.
ಆ ಕೆಮ್ಮು ಯಾವ ಪಾತ್ರದ್ದೋ ನಮಗೆ ತಿಳಿಯಲಿಲ್ಲ.

ಝುಝುನಾ ಅಕ್ರೋಟು ಒಡೆಯುವುದು ನಿಲ್ಲಿಸಿದಳು.
‘ಪ್ರೀತಿಸುತ್ತೇನೆ ಅಂತ ಒಬ್ಬ ಗಂಡಸು ಹೇಳಿದ್ದನ್ನು
ನಾನು ಮೊದಲು ಕೇಳಿದ್ದು ಈ ದನಿಯಲ್ಲಿ,’ ಅಂದಳು ಮೆಲ್ಲಗೆ.
‘ನನ್ನ ಗಂಡ ಆಮೇಲೆ ಹೇಳಿದಾಗ
ಯಾಕಿಷ್ಟು ಕಿರುಚುತ್ತಾನೆ ಅನ್ನಿಸಿತ್ತು.’

ದೀಪ ಹಾಕಿದೆ. ಚಪ್ಪಾಳೆ ಇಲ್ಲ.
ಕೊನೆ ಎಳೆದರು, ಅಂದಳು ಮ್ಝಿಯಾ.
ಹೆಣ ಉಸಿರಾಡುತ್ತಿತ್ತು, ಎರಡು ಸಲ ಎಣಿಸಿದೆ, ಅಂದಳು.
ವಾಝಾ ‘ಸಾಧಾರಣ’ ಅನ್ನಲು ಹೋಗಿ
ಕಂಬದ ಕಡೆ ನೋಡಿ ನುಂಗಿಕೊಂಡ.

ಅಂಬ್ರೋಸಿ ಮಫ್ಲರು ಸುತ್ತಿಕೊಳ್ಳುತ್ತ
ಬಾಗಿಲ ಹತ್ತಿರ ನನ್ನೊಬ್ಬನಿಗೇ ಹೇಳಿದ:
‘ಆವತ್ತೇ ತಪ್ಪು ಹೇಳಿದ್ದೆ.
ಅವಳು ಕಾಫಿ ಅಂದಿರಲಿಲ್ಲ.’

ಮತ್ತೇನು ಅಂದಳು ಅಂತ ಕೇಳುವಷ್ಟರಲ್ಲಿ
ಸೇತುವೆ ಹತ್ತಿಬಿಟ್ಟಿದ್ದ.

ರಾತ್ರಿ ಟೇಪು ಅಂಟಿಸಿದೆ.
ಅಂಟಿಸುವಾಗ ಒಂದಿಷ್ಟು ಕತ್ತರಿಸಲೇಬೇಕು.
ಕಾಫಿಯ ಮಾತು ಹೋಯಿತು.
ಇನ್ನು ಆ ಜಾಗದಲ್ಲಿ ಅವಳು
ಸುಮ್ಮನೆ ಬಾಯಿ ತೆರೆಯುತ್ತಾಳೆ.